ಗುರುತಿಲ್ಲದವರ ಮಧ್ಯಾಹ್ನ

ಚಂದ್ರಮೌಳಿ ಫೋನಿನಲ್ಲಿ ಒಂದೇ ಒಂದು ಮಾತು ಹೆಚ್ಚಿಗೆ ಆಡಿಬಿಟ್ಟ. ಮುಂದೆ ಆಗಿದ್ದೆಲ್ಲ ಆ ಮಾತಿನಿಂದ ಆಗಿದ್ದು.

"ದೊಡ್ಡಮ್ಮ, ಐದಾರು ಜನ ಸಿಕ್ಕಿದರೆ ಸಾಕು," ಅಂದವನು ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ನಿಲ್ಲಿಸಲಿಲ್ಲ. "ಆದರೆ ಅವರು ಒಬ್ಬರಿಗೊಬ್ಬರು ಗುರುತಿರಬಾರದು," ಅಂತ ಸೇರಿಸಿದ.

ಆ ಕಡೆಯಿಂದ ಸಾಸಿವೆ ಸಿಡಿಯುವ ಸದ್ದು ಬಂತು. ಮೈಸೂರಿನ ಅಂಚಿನ ಕೆಸರೆಯಲ್ಲೇ ಬಾಳುವೆ ಮಾಡಿ ತಲೆ ನರೆತ ಮಾದೇವಮ್ಮನಿಗೆ ಈ ಕೋರಿಕೆ, ಒದ್ದೆಯಿಲ್ಲದ ನೀರು ಒಂದು ಚೆಂಬು ಕೊಡಿ ಅಂದ ಹಾಗೆ ಕೇಳಿಸಿತು.

"ಗುರುತಿಲ್ಲದೋರು ಒಂದ್ಕಡೆ ಕೂತು ಏನ್ ಮಾತಾಡ್ತಾರಪ್ಪ?"

"ಅದೇ ದೊಡ್ಡಮ್ಮ ಇದರ ವಿಧಾನ. ಗುರುತಿದ್ದರೆ ದಾಕ್ಷಿಣ್ಯ ಬರುತ್ತೆ. ಗುರುತಿಲ್ಲದೇ ಇದ್ದರೆ ಮನಸ್ಸಲ್ಲಿ ಇರೋದು ಈಚೆ ಬರುತ್ತೆ."

"ಆಯ್ತು ಬುಡು, ನಾನು ನೋಡ್ಕತೀನಿ."

ಮಾದೇವಮ್ಮ ನೋಡಿಕೊಳ್ಳುತ್ತೇನೆ ಅಂದರೆ ನೋಡಿಕೊಳ್ಳುವವಳೇ. ತಂಗಿಯ ಮಗನಿಗೆ ಹುಲಿ ಹಾಲು ಬೇಕು ಅಂದಿದ್ದರೂ ಅವಳು ಹುಲಿಗೆ ಹಿಂಡಿ ಬೂಸಾ ಎಷ್ಟು ಹಾಕಬೇಕು ಅಂತ ಮಾತ್ರ ಕೇಳುತ್ತಿದ್ದಳು.

ಚಂದ್ರಮೌಳಿ ಸಂಶೋಧನೆ ಮಾಡುತ್ತಿದ್ದುದು ನಿದ್ದೆಯ ಮೇಲೆ. ರಾತ್ರಿಯ ನಿದ್ದೆಯಲ್ಲ, ಮಧ್ಯಾಹ್ನದ್ದು. ಮೈಸೂರಿನ ಜನ ಉಂಡ ಮೇಲೆ ಯಾಕೆ ಮಲಗುತ್ತಾರೆ, ಮಲಗಿ ಎದ್ದ ಮೇಲೆ ಯಾಕೆ ನಾಚಿಕೊಳ್ಳುತ್ತಾರೆ, ಮಲಗಿಯೇ ಇಲ್ಲ ಅಂತ ಯಾಕೆ ಸುಳ್ಳು ಹೇಳುತ್ತಾರೆ, ಇವೆಲ್ಲ ಅವನ ಪ್ರಶ್ನೆಗಳು. ಇವನ್ನು ಲೆಕ್ಕ ಹಾಕಿ ತಿಳಿಯಲಾಗುವುದಿಲ್ಲ. ಅದಕ್ಕೆ ಫೋಕಸ್ ಗ್ರೂಪ್ ಬೇಕು. ಅಂದರೆ ಕೆಲವರನ್ನು ಸುತ್ತ ಕೂರಿಸಿ, ನಡುವೆ ಒಂದು ಪ್ರಶ್ನೆ ಇಟ್ಟು, ದೀಪ ಹಚ್ಚಿದವನು ಪಕ್ಕಕ್ಕೆ ಸರಿದು ನಿಲ್ಲುವ ಹಾಗೆ ತಾನು ಸರಿದು ನಿಲ್ಲುವುದು. ಅವರವರೇ ಮಾತಾಡಿಕೊಳ್ಳಬೇಕು, ಒಬ್ಬರ ಮಾತಿಗೆ ಇನ್ನೊಬ್ಬರ ನೆನಪು ಎದ್ದು ಬರಬೇಕು. ನಮ್ಮ ಹಳ್ಳಿಯ ಜಗಲಿಗಳ ಮೇಲೆ ದಿನಾ ಸಂಜೆ ಆಗುವುದು ಇದೇ. ಅಲ್ಲಿ ಅದಕ್ಕೆ ಹೆಸರಿಲ್ಲ, ಇಲ್ಲಿ ಪದವಿ ಉಂಟು.

ಆ ಪದವಿಯೇ ಚಂದ್ರಮೌಳಿಗೆ ಬರದೆ ಹೋಗಿತ್ತು. ಅವನ ಗುಂಪುಗಳಲ್ಲಿ ಬಾಯಿ ಇದ್ದವರು ಬೇಕಾದಷ್ಟು ಮಾತಾಡುತ್ತಿದ್ದರು. ಸುಮ್ಮನೆ ಕೂತವರು ಮುಗಿಯುವ ತನಕ ಸುಮ್ಮನೆ ಕೂತು, ಬಿಸ್ಕತ್ತು ತಿಂದು, ಕೈ ಮುಗಿದು ಹೋಗುತ್ತಿದ್ದರು. ಅವನ ಗೈಡ್ ಯೋಗೇಂದ್ರ ಮೇಷ್ಟ್ರು ಧ್ವನಿಮುದ್ರಣ ಕೇಳಿ ಕೇಳಿ ಬೇಸತ್ತಿದ್ದರು. "ಮಾತಾಡೋರನ್ನ ಮಾತಾಡಿಸೋದು ಸಂಶೋಧನೆ ಅಲ್ಲ ಕಣಯ್ಯ. ಅದು ಬಸ್ಸಲ್ಲೂ ಆಗುತ್ತೆ. ಸುಮ್ಮನಿರೋರ ಒಳಗಿಂದ ಒಂದು ಮಾತು ಹೊರಡಿಸು. ಅವತ್ತು ನಿನ್ನನ್ನ ಸಂಶೋಧಕ ಅಂತ ಕರೀತೀನಿ."

ನೋಂದಣಿಯ ಅವಧಿಯನ್ನು ಆಗಲೇ ಸಾಕಷ್ಟು ಸಲ ಹಿಗ್ಗಿಸಿ ಆಗಿತ್ತು, ಹಳೇ ಬನಿಯನ್ನಿನ ಕುತ್ತಿಗೆಯ ಹಾಗೆ. ಇನ್ನು ಹಿಗ್ಗುವುದಿಲ್ಲ ಅಂತ ವಿಶ್ವವಿದ್ಯಾಲಯದ ಸಮಿತಿ ಹೇಳಿತು. ಕೊನೆಯ ಗುಂಪು ಈ ಶುಕ್ರವಾರ ನಡೆಯಬೇಕು, ಅದನ್ನು ನೋಡಲು ಸಮಿತಿಯ ಕಡೆಯಿಂದ ಒಬ್ಬರು ವೀಕ್ಷಕರು ಬರುತ್ತಾರೆ, ಸಂಜೆಯೊಳಗೆ ಅವರ ಸಹಿ ಬಿದ್ದರೆ ಉಂಟು, ಇಲ್ಲವಾದರೆ ಇಷ್ಟು ವರ್ಷದ ನಿದ್ದೆಯೆಲ್ಲ ನೀರಿಗೆ ಹೋದ ಹಾಗೆ.

"ಬರೋರು ಯಾರು ಸಾರ್?" ಅಂತ ಕೇಳಿದ್ದಕ್ಕೆ ಯೋಗೇಂದ್ರ ಮೇಷ್ಟ್ರು, "ಅದು ನನಗೂ ತಿಳಿಸಿಲ್ಲ. ಗುಂಪಿಗೂ ಗೊತ್ತಾಗಬಾರದು. ಮೂಲೇಲಿ ತುಟಿ ಬಿಚ್ಚದೆ ಕೂತಿರ್ತಾರೆ. ಮುಖ ನೋಡಿದರೆ ನಿನಗೇ ತಿಳಿಯುತ್ತೆ ಬಿಡು," ಅಂದಿದ್ದರು.

ಅಂದಿನಿಂದ ನಿದ್ದೆಯ ಸಂಶೋಧಕನಿಗೆ ನಿದ್ದೆ ಹತ್ತಿರಲಿಲ್ಲ.

ಇತ್ತ ಕೆಸರೆಯಲ್ಲಿ ಮಾದೇವಮ್ಮ ಗುರುವಾರ ಸಂಜೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಮನೆಮನೆಗೂ ಹೋಗಿ ಬಂದಳು.

"ನೋಡಿ, ನಾಳೆ ಮಧ್ಯಾಹ್ನ ಗುಡಿ ಪಕ್ಕದ ಭಜನೆ ಮನೇಲಿ ಯಾರಿಗೂ ಯಾರೂ ಗೊತ್ತಿಲ್ಲ. ತಿಳೀತಾ? ನಮ್ಮ ಹುಡುಗನ ಓದಿನ ಪ್ರಶ್ನೆ."

"ನನ್ನ ಆಟೋ ಬಾಗ್ಲಲ್ಲೇ ನಿಂತಿರುತ್ತಲ್ಲಕ್ಕ," ಅಂದ ಮರಿಸ್ವಾಮಿ.

"ಆಟೋನೂ ಗೊತ್ತಿಲ್ಲ ಅನ್ನು. ನಿಮ್ಮತ್ತಿಗೆ ಊರಿಂದ ಬರ್ತಾರೆ ಅಂದಿದ್ದೆಯಲ್ಲ, ಅವರನ್ನೂ ಕಳಿಸು. ಹೊಸ ಮುಖ ಒಂದಿರಲಿ."

"ಬಂದ್ರೆ ಕಳಿಸ್ತೀನಿ ಬುಡಕ್ಕ."

ಟೈಲರ್ ಶಾಮಣ್ಣ ಮಾತ್ರ ಕತ್ತರಿ ಕೆಳಗಿಟ್ಟು, "ನನ್ನ ಹೆಂಡ್ತಿನೂ ಗೊತ್ತಿಲ್ವಾ?" ಅಂತ ಕೇಳಿದ.

"ಮೊದಲು ಅವಳೇ ಗೊತ್ತಿಲ್ಲ ನಿಂಗೆ."

ಶಾಮಣ್ಣ ಸ್ವಲ್ಪ ಯೋಚಿಸಿದ. "ಅಂಥ ಹೊತ್ತು ಒಂದಿಷ್ಟು ಸಿಕ್ಕಿದ್ರೆ ಕಳ್ಕೊಬಾರ್ದು," ಅಂದು ಒಪ್ಪಿಕೊಂಡ. ಒಳಗಿನಿಂದ ಅವನ ಹೆಂಡತಿ ಸರೋಜಮ್ಮ, "ನಂಗೂ ಅಂಗೇ ಅನ್ನಿಸ್ತು ಕಣಕ್ಕ," ಅಂದಳು.

ಶುಕ್ರವಾರ ತಾನು ವಾಸವಿದ್ದ ಇಲವಾಲದಿಂದ ಸ್ಕೂಟರಿನಲ್ಲಿ ಹೊರಟ ಚಂದ್ರಮೌಳಿಗೆ ದಾರಿಯುದ್ದಕ್ಕೂ ನಿದ್ದೆಯೇ ಎದುರು ಬಂತು. ಹಣ್ಣಿನ ಗಾಡಿಯ ನೆರಳಲ್ಲಿ ಹಣ್ಣಿನವನು ಮಲಗಿದ್ದ. ಬಸ್ಸು ತಂಗುದಾಣದಲ್ಲಿ ಬಸ್ಸಿಗೆ ಕಾಯುವವರು ಒಬ್ಬರ ಹೆಗಲಿಗೆ ಒಬ್ಬರು ತಲೆ ಕೊಟ್ಟು, ಬಸ್ಸು ಬಾರದಿರಲಿ ಅನ್ನುವವರ ಹಾಗೆ ಕೂತಿದ್ದರು. ದೂರದಲ್ಲಿ ಚಾಮುಂಡಿ ಬೆಟ್ಟ ಬಿಸಿಲ ಮಬ್ಬಿನಲ್ಲಿ, ಹೊದ್ದು ಮಲಗಿದ ತಾಯಿಯ ಬೆನ್ನಿನಂತೆ ಕಾಣುತ್ತಿತ್ತು. ಇಷ್ಟು ಜನಕ್ಕೆ ಕೇಳದೆ ಕೊಟ್ಟ ದೇವರು ತನಗೊಬ್ಬನಿಗೆ ಯಾಕೆ ಕೊಡಲಿಲ್ಲ ಅಂತ ಅವನು ಯೋಚಿಸಿದ. ಉತ್ತರ ಬರಲಿಲ್ಲ. ಆಕಳಿಕೆ ಬಂತು.

ಅವನು ಅಪರೂಪಕ್ಕೆ ಬರುವ ದೊಡ್ಡಮ್ಮನ ಬೀದಿಯ ತಿರುವಿನಲ್ಲಿ ಒಂದು ಕಂದು ನಾಯಿ ಎದ್ದು ನಿಂತು ಅವನನ್ನು ಚೆನ್ನಾಗಿ ಬೊಗಳಿತು. ಮಾದೇವಮ್ಮ ಬಾಗಿಲಿಗೆ ಬಂದು, "ರಾಜಾ, ಸುಮ್ಕಿರು, ನಮ್ ಮೌಳಿ ಕಣೋ," ಅಂದ ಮೇಲೆ, ತಪ್ಪಾಯಿತು ಅನ್ನುವಂತೆ ಬಾಲ ಅಲ್ಲಾಡಿಸಿ ಹಿಂದೆಯೇ ಬಂತು.

ಭಜನೆ ಮನೆ ತಂಪಾಗಿತ್ತು. ಗೋಡೆಯಲ್ಲಿ ಹುಲಿಯ ಮೇಲೆ ಕೂತ ಮಾದೇಶ್ವರನ ಪಟ, ಅದರ ಮುಂದೆ ಅಲುಗದ ದೀಪ, ಮೂಲೆಯಲ್ಲಿ ಒರಗಿಸಿಟ್ಟ ತಂಬೂರಿ, ಕಿಟಕಿಯಾಚೆ ಹೊಂಗೆ ಮರದ ನೆರಳು. ಹೊಸದಾಗಿ ತೊಳೆದ ನೆಲದ ಮೇಲೆ ಬಾಳೆಯೆಲೆಗಳ ಗುರುತು ಇನ್ನೂ ಒಣಗಿರಲಿಲ್ಲ.

"ದೊಡ್ಡಮ್ಮ, ಊಟ ಹಾಕಿದೆಯಾ? ಟೀ ಬಿಸ್ಕತ್ತು ಸಾಕು ಅಂತ ಪುಸ್ತಕದಲ್ಲಿದೆ."

"ಬಿಸ್ಕತ್ತು ತಿನ್ನಿಸಿ ಮನಸಲ್ಲಿರೋದು ಹೇಳಿ ಅಂದ್ರೆ ಯಾರು ಹೇಳ್ತಾರೆ? ಶ್ಯಾವಿಗೆ ಪಾಯಸ ಮಾಡಿದ್ದೆ. ಎರಡೆರಡು ಸಲ ಹಾಕಿಸ್ಕೊಂಡವ್ರೆ. ಈಗ ಕೇಳು, ಪ್ರಾಣ ಬೇಕಾದ್ರೂ ಕೊಡ್ತಾರೆ."

ಚಾಪೆಯ ಮೇಲೆ ಬಂದವರು ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಷ್ಟು ಅಪ್ಪಟ ಅಪರಿಚಿತರನ್ನು ಚಂದ್ರಮೌಳಿ ತನ್ನ ಸಂಶೋಧನೆಯಲ್ಲಿ ಕಂಡಿರಲಿಲ್ಲ. ಹಿಂದೆ, ಇದ್ದ ಒಂದೇ ಕುರ್ಚಿಯಲ್ಲಿ, ಬಿಳಿ ಪಂಚೆ, ಹೆಗಲಲ್ಲಿ ಮಡಿಸಿದ ಶಾಲು, ಹಣೆಯ ತುಂಬ ವಿಭೂತಿ, ದಪ್ಪ ಕನ್ನಡಕದ ಒಬ್ಬ ಹಿರಿಯರು ಗಂಭೀರವಾಗಿ ಕೂತಿದ್ದರು. ನೋಡಿದ ಕೂಡಲೇ ಚಂದ್ರಮೌಳಿಯ ಕೈ ತಾನೇ ಮುಗಿಯಿತು. ಮೇಷ್ಟ್ರು ಹೇಳಿದ್ದು ನಿಜ, ಮುಖ ನೋಡಿದರೆ ತಿಳಿಯುತ್ತೆ.

ಹತ್ತಿರ ಹೋಗಿ ಬಗ್ಗಿ, "ತಾವು ವಿಶ್ವವಿದ್ಯಾಲಯದಿಂದ ಬಂದವರಲ್ಲವೇ?" ಅಂತ ಪಿಸುಗುಟ್ಟಿದ.

ಹಿರಿಯರು ಅವನನ್ನು ನಿಧಾನವಾಗಿ ನೋಡಿದರು. ಕಣ್ಣು ಮುಚ್ಚಿದರು. ತಲೆಯನ್ನು ಒಂದೇ ಸಲ ಕೆಳಗೆ ಮೇಲೆ ಮಾಡಿದರು. ಅಷ್ಟೇ. ಆ ಅಷ್ಟರಲ್ಲೇ ಚಂದ್ರಮೌಳಿಗೆ ಒಂದು ಇಡೀ ವಿದ್ವತ್ತು ಕಂಡಿತು.

ಹೊರಗೆ ರಾಜ ಮತ್ತೆ ಬೊಗಳತೊಡಗಿದ. ಬಾಗಿಲಲ್ಲಿ, ಹತ್ತಿಯ ಸೀರೆಯುಟ್ಟು ಬಟ್ಟೆಯ ಚೀಲ ಹಿಡಿದ ಒಬ್ಬ ಹಿರಿಯ ಹೆಂಗಸು ನಿಂತಿದ್ದರು. ಮರಿಸ್ವಾಮಿಯ ಅತ್ತಿಗೆ ಬಂದೇ ಬಿಟ್ಟರಲ್ಲ ಅಂತ ಮಾದೇವಮ್ಮನಿಗೆ ಸಂತೋಷವಾಯಿತು. ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕೈ ಹಿಡಿದು ಎಳೆದುಕೊಂಡು, "ಬನ್ನಿ, ಬನ್ನಿ, ಎಲ್ಲಿಂದ ಬಂದ್ರಿ, ಯಾರ ಕಡೆಯೋರು ಏನೂ ಹೇಳ್ಬೇಡಿ. ಕೂತ್ಕಳಿ, ಅಷ್ಟೇ," ಅಂದು ಸರೋಜಮ್ಮನ ಪಕ್ಕ ಕೂರಿಸಿ, ಒಂದು ಬಟ್ಟಲು ಪಾಯಸ ಕೈಗಿಟ್ಟಳು. ಮರಿಸ್ವಾಮಿ ಅವರನ್ನು ನೋಡಿ, ಮಾದೇವಕ್ಕ ಯಾರನ್ನೋ ಚೆನ್ನಾಗಿ ಹುಡುಕಿ ತಂದಿದ್ದಾರೆ ಅಂದುಕೊಂಡ. ಅವನೂ ಕೇಳುವಂತಿರಲಿಲ್ಲ.

ಚಂದ್ರಮೌಳಿ ಧ್ವನಿಮುದ್ರಕ ನಡುವೆ ಇಟ್ಟ. "ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ಮನಸ್ಸಿಗೆ ಬಂದದ್ದು ಹೇಳಿ. ಮೊದಲು ಹೆಸರು."

"ನಾನು ಶಾಮಣ್ಣ. ಕೆಸರೆ ಕಡೆ ಇದೇ ಮೊದಲು ಬಂದಿರೋದು. ಊರು ಚೆನ್ನಾಗದೆ."

"ನಾನು ಸರೋಜಮ್ಮ. ನಾನೂ ಮೊದಲು. ಬಸ್ಸಲ್ಲಿ ಬಂದೆ."

"ಮರಿಸ್ವಾಮಿ. ಆಟೋದಲ್ಲಿ ಬಂದೆ. ಯಾರದೋ ಆಟೋ."

ಮೂಲೆಯ ಹುಡುಗಿ, ಹೂಟಗಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವಳು, "ನಾನು ಭವ್ಯಶ್ರೀ. ಶಾಮಣ್ಣ ಮಾಮ ಹೇಳ್ದಂಗೆ," ಅಂದವಳು ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಈಗ ಯಾರೋ ಹೇಳಿದ್ರಲ್ಲ ಅವರು ಹೇಳ್ದಂಗೆ, ಊರು ಚೆನ್ನಾಗಿದೆ," ಅಂದಳು.

ಬಟ್ಟೆಯ ಚೀಲದ ಹೆಂಗಸು, "ಗಿರಿಜಾಂಬಾ," ಅಂತಷ್ಟೇ ಹೇಳಿ ಸುಮ್ಮನಾದರು.

ಅಷ್ಟರಲ್ಲಿ ರಾಜ ಒಳಗೆ ಬಂದ. ಬಂದವನು ಶಾಮಣ್ಣನ ಪಾದ ಮೂಸಿದ, ಸರೋಜಮ್ಮನ ಸೆರಗಿಗೆ ಮುಖ ಒರೆಸಿದ, ಮರಿಸ್ವಾಮಿಯ ತೊಡೆಗೆ ತಲೆ ಕೊಟ್ಟ, ಭವ್ಯಶ್ರೀಯ ಕೈ ನೆಕ್ಕಿದ, ಕುರ್ಚಿಯಲ್ಲಿದ್ದ ಹಿರಿಯರ ಕಾಲ ಬಳಿ ಉರುಳಿ ಹೊಟ್ಟೆ ತೋರಿಸಿದ. ಗಿರಿಜಾಂಬಾ ಅವರ ಮುಂದೆ ಬಂದಾಗ ಮಾತ್ರ ಕಿವಿ ನಿಮಿರಿಸಿ ಗುರ್ರೆಂದ.

"ಯಾರದೋ ಪಾಪ ಈ ನಾಯಿ," ಅಂದ ಮರಿಸ್ವಾಮಿ, ಅದರ ಕಿವಿಯ ಹಿಂದೆ ಅದಕ್ಕೆ ಇಷ್ಟವಾದ ಜಾಗದಲ್ಲೇ ಕೆರೆಯುತ್ತ.

ಮೂಕ ಪ್ರಾಣಿಗೆ ಗುರುತಿಲ್ಲದವರ ಮೇಲೂ ಎಂಥ ಪ್ರೀತಿ, ಇದೂ ದೇವರ ಲೀಲೆ ಅಂತ ಚಂದ್ರಮೌಳಿಯ ಮನಸ್ಸು ಕರಗಿತು.

"ಮಧ್ಯಾಹ್ನ ಮಲಗಿದರೆ ಮನೆಯಲ್ಲಿ ಏನಂತಾರೆ?" ಅಂತ ಅವನು ಮೊದಲ ಪ್ರಶ್ನೆ ಇಟ್ಟ.

ಶಾಮಣ್ಣ ಗಂಟಲು ಸರಿಮಾಡಿಕೊಂಡ. "ಉಂಡ ಮೇಲೆ ಕಣ್ಣು ಎಳೀತವೆ ಸ್ವಾಮಿ. ಆದ್ರೆ ನಮ್ಮನೇಲಿ ಒಬ್ರವ್ರೆ. ನಾನು ಕಣ್ಮುಚ್ಚಿದ್ದೇ ತಡ, ಪಾತ್ರೆ ತಿಕ್ಕೋಕೆ ಶುರು. ತಿಕ್ಕೋದಲ್ಲ ಅದು. ಯುದ್ಧಕ್ಕೆ ಹೊರಟಂಗೆ."

ಸರೋಜಮ್ಮ ಚಂದ್ರಮೌಳಿಯ ಕಡೆಗೇ ನೋಡುತ್ತ, "ಈ ಯಜಮಾನ್ರು ಯಾರೋ ನಂಗೊತ್ತಿಲ್ಲ. ಆದ್ರೂ ಇವರ ಮನೆಯಾಕೆ ಪರವಾಗಿ ಒಂದ್ಮಾತು ಹೇಳ್ಬೋದಾ?" ಅಂದಳು.

"ಹೇಳಿ, ಹೇಳಿ. ಅದಕ್ಕೇ ಸೇರಿರೋದು."

"ಆ ಹೊತ್ತಲ್ಲಿ ತಿಕ್ಕದೆ ಇನ್ಯಾವಾಗ ತಿಕ್ಬೇಕು? ಆಮೇಲೆ ನಲ್ಲೀಲಿ ನೀರು ನಿಂತೋಯ್ತದೆ. ಅದು ಇವರಿಗೆ ಗೊತ್ತಾ ಅಂತ ಕೇಳಿ."

"ನಮ್ಮ ಬೀದೀಲಿ ನೀರು ನಿಲ್ಲೋದು ಈ ಯಮ್ಮಂಗೆ ಎಂಗೆ ಗೊತ್ತು ಅಂತ ಕೇಳಿ."

"ಎಲ್ಲಾ ಬೀದೀಲೂ ಅಷ್ಟೇ. ಗಂಡಸ್ರೂ ಎಲ್ಲಾ ಬೀದೀಲೂ ಅಷ್ಟೇ."

ಮರಿಸ್ವಾಮಿ ಆಟೋದ ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ಮಲಗುವ ಸುಖ ಹೇಳಿದ. ಹಾಗೆ ಮಲಗಿದಾಗ ಬಂದ ಕನಸಿನಲ್ಲಿ ತಾನೇ ಪ್ರಯಾಣಿಕ, ಯಾರೋ ಓಡಿಸುತ್ತಾರೆ, ದಾರಿ ಮುಗಿಯುವುದೇ ಇಲ್ಲ, ಮೀಟರು ತಿರುಗುವುದೂ ಇಲ್ಲ ಅಂದ. ಭವ್ಯಶ್ರೀ, "ನಾನು ರಾತ್ರಿಯೆಲ್ಲ ದುಡಿದು ಹಗಲು ಮಲಗ್ತೀನಿ. ಎಲ್ಲರಿಗೂ ಅದು ಸೋಮಾರಿತನ. ಬೀದಿಯೋರು ಬಂದು ಕಿಟಕೀಲಿ ನೋಡಿ, 'ಇನ್ನೂ ಎದ್ದಿಲ್ವಾ ಮಗು' ಅಂತಾರೆ," ಅಂದಳು. ಹಾಗೆ ನೋಡುವ ಮಾದೇವಮ್ಮ ಬಾಗಿಲ ಮರೆಯಲ್ಲಿ ನಿಂತು, ಅಯ್ಯೋ ಪಾಪ, ಯಾವ ಬೀದಿಯ ಜನವೋ ಅವರು ಅನ್ನುವ ಮುಖ ಮಾಡಿದಳು.

ಸರೋಜಮ್ಮ ಮತ್ತೆ ಬಾಯಿ ತೆರೆದಾಗ ದನಿ ಬೇರೆಯಾಗಿತ್ತು.

"ನಮ್ಮನೇಲೂ ಒಬ್ರವ್ರೆ. ಮಲಗಿದ್ರೆ ಬಾಯಿ ಒಂಚೂರು ತೆರ್ಕಂಡು, ಹೊಸದಾಗಿ ಸ್ಕೂಲಿಗೆ ಹೋಗಿ ಬಂದ ಕೂಸಿನ ಥರ ಕಾಣ್ತಾರೆ. ನೋಡ್ತಾ ಕೂತಿರಾಣ ಅನ್ನಿಸ್ತದೆ. ಅಂಗೆ ಕೂತ್ರೆ ನಂಗೂ ನಿದ್ದೆ ಬಂದ್ಬುಡ್ತದೆ. ಆಮೇಲೆ ಕೆಲ್ಸ ಯಾರು ಮಾಡೋರು? ಅದಕ್ಕೇ ಪಾತ್ರೆ ಸದ್ದು ಮಾಡ್ತೀನಿ. ಅವರನ್ನ ಎಬ್ಬಿಸೋಕಲ್ಲ. ನಾನು ಎಚ್ರ ಇರೋಕೆ."

ಶಾಮಣ್ಣ ಚಾಪೆಯ ಒಂದು ಎಳೆಯನ್ನು ಕೀಳುತ್ತ ಕೂತ.

"ಇದನ್ನ ಅವರಿಗೆ ಯಾವತ್ತಾದರೂ ಹೇಳಿದೀರಾ?" ಅಂತ ಚಂದ್ರಮೌಳಿ ಮೆಲ್ಲಗೆ ಕೇಳಿದ.

"ಇಂಥದ್ದನ್ನೆಲ್ಲ ಗುರುತಿರೋರಿಗೆ ಎಂಗಪ್ಪ ಹೇಳೋದು?"

ಹೊಂಗೆಯ ನೆರಳು ಕಿಟಕಿಯಿಂದ ಒಳಗೆ ಬಂದು ನೆಲದ ಮೇಲೆ ನೀರಿನಂತೆ ಅಲುಗುತ್ತಿತ್ತು. ತಂಬೂರಿಯ ತಂತಿಗೆ ಎಲ್ಲಿಂದಲೋ ಬಂದ ಗಾಳಿ ತಾಗಿ, ಶ್ರುತಿಯೋ ಭ್ರಮೆಯೋ ಅನ್ನುವಷ್ಟು ಸಣ್ಣ ನಾದ ಎದ್ದು ಅಡಗಿತು. ಇದೇ ಆ ಹೊತ್ತು, ಪುಸ್ತಕಗಳು ಹೇಳುವ ಹೊತ್ತು, ಅಂತ ಚಂದ್ರಮೌಳಿಗೆ ಅನ್ನಿಸಿತು. ಕುರ್ಚಿಯ ಕಡೆ ನೋಡಿದ. ಹಿರಿಯರ ಕಣ್ಣು ಮುಚ್ಚಿತ್ತು, ತಲೆ ಎದೆಗೆ ಬಾಗಿತ್ತು. ಎಷ್ಟು ಆಳವಾಗಿ ಕೇಳಿಸಿಕೊಳ್ಳುತ್ತಿದ್ದಾರೆ.

ಇನ್ನು ಒಂದೇ ಉಳಿದಿತ್ತು. ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಗಿರಿಜಾಂಬಾ ತುಟಿ ಬಿಚ್ಚಿರಲಿಲ್ಲ. ಎಲ್ಲರ ಮಾತಿಗೂ ಅವರ ಕಣ್ಣು ಅರಳುತ್ತಿತ್ತು, ಮುಖ ಚಲಿಸುತ್ತಿತ್ತು, ಆದರೆ ಬಾಯಿ ಮಾತ್ರ ಇಲ್ಲ. ಎಲ್ಲ ಗುಂಪಿನಲ್ಲೂ ಚಂದ್ರಮೌಳಿಯನ್ನು ಸೋಲಿಸಿದ್ದು ಇಂಥದೇ ಒಂದು ಮುಖ.

"ತಾಯಿ, ತಾವು ಏನೂ ಹೇಳಲಿಲ್ಲ."

"ನಾನು ಕೇಳ್ತಿದೀನಪ್ಪ. ನೀವು ನಡೆಸಿ."

"ಕೇಳೋಕೆ ನಾನಿದೀನಿ. ತಾವು ಹೇಳಬೇಕು."

"ನಾನು ಸುಮ್ಮನಿರಬೇಕಾದೋಳು," ಅಂದರು ಅವರು, ಏನನ್ನೋ ನೆನಪಿಸುವ ಹಾಗೆ ಅವನನ್ನೇ ನೋಡುತ್ತ.

ಆ ಮಾತಿಗೆ ಚಂದ್ರಮೌಳಿಯ ಎದೆ ತುಂಬಿ ಬಂತು. ಎಷ್ಟು ಹೆಂಗಸರನ್ನು ಹೀಗೆ ಸುಮ್ಮನಿರಬೇಕಾದವರು ಅಂತ ಮಾಡಿ ಕೂರಿಸಿದ್ದೇವೆ. ಅವನು ಬೇರೆ ಯಾವ ಗುಂಪಿನಲ್ಲೂ ಮಾಡದಿದ್ದನ್ನು ಮಾಡಿದ. ಮುಂದಿನ ಪ್ರಶ್ನೆ ಕೇಳಲಿಲ್ಲ. ಪ್ರಶ್ನೆಗಳ ಹಾಳೆ ಮಡಿಸಿಟ್ಟ. ಅವರ ಮುಂದೆ ಚಾಪೆಯ ಮೇಲೆ ಕೂತು, ಗುಡಿಯಲ್ಲಿ ಪ್ರಸಾದಕ್ಕೆ ಕಾಯುವವನ ಹಾಗೆ ಸುಮ್ಮನೆ ಕಾದ. ಅವನು ಕಾಯುವುದನ್ನು ನೋಡಿ ಉಳಿದವರೂ ಕಾದರು. ರಾಜನೂ ಗುರ್ರೆನ್ನುವುದನ್ನು ಬಿಟ್ಟು ಕಾದ.

"ಸುಮ್ಮನಿದ್ದೂ ಸುಮ್ಮನಿದ್ದೂ ನಮಗೆ ಅಭ್ಯಾಸ ಆಗೋಗುತ್ತೆ ಕಣಮ್ಮ," ಅಂದಳು ಸರೋಜಮ್ಮ, ಅವರ ಮೊಣಕೈ ಮುಟ್ಟಿ. "ಹೇಳ್ಬುಡಿ. ಇಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ."

ಗಿರಿಜಾಂಬಾ ಒಮ್ಮೆ ಕಿಟಕಿಯಾಚೆ ನೋಡಿದರು. ಪಾಯಸದ ಬಟ್ಟಲು ಕೆಳಗಿಟ್ಟರು.

"ನಾನು ಮೇಷ್ಟ್ರ ಕೆಲಸ ಮಾಡಿದೋಳು," ಅಂದರು. "ಎಲ್ಲರಿಗೂ ಬೇಡವಾದ ತರಗತಿ, ಊಟ ಆದಮೇಲಿಂದು, ಯಾವಾಗಲೂ ನನಗೇ ಬೀಳೋದು. ಪಾಠ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಮಕ್ಕಳು ಒಬ್ಬೊಬ್ಬರೇ ಬೆಂಚಿಗೆ ತಲೆ ಇಡೋರು. ಮೊದಮೊದಲು ಎಬ್ಬಿಸ್ತಿದ್ದೆ. ಒಂದು ದಿನ ಯಾಕೋ ಮನಸ್ಸು ಬರಲಿಲ್ಲ. ದನಿ ತಗ್ಗಿಸ್ತಾ ಹೋದೆ. ತಗ್ಗಿಸಿ ತಗ್ಗಿಸಿ, ಕೊನೆಗೆ ತುಟಿ ಮಾತ್ರ ಆಡ್ತಿತ್ತು. ತರಗತಿ ತುಂಬ ಉಸಿರಾಟ. ಅಷ್ಟು ಮಕ್ಕಳು ನನ್ನನ್ನ ನಂಬಿ ಮಲಗಿದಾರೆ ಅನ್ನಿಸ್ತು. ದೇವರಿಗೂ ನಮ್ಮನ್ನ ನೋಡಿದರೆ ಹೀಗೇ ಅನ್ನಿಸುತ್ತೇನೋ. ಅವನೂ ಪಾಠ ನಿಲ್ಲಿಸಲ್ಲ, ಎಬ್ಬಿಸೋದೂ ಇಲ್ಲ."

ಮತ್ತೆ ಅಂದರು: "ನಿವೃತ್ತಿ ಆದಮೇಲೆ ನನಗೆ ಮಧ್ಯಾಹ್ನದ ಹೊತ್ತಲ್ಲಿ ಮನೆ ಬಿಕೋ ಅನ್ನುತ್ತೆ. ಮಾತಾಡೋರು ಇಲ್ಲ ಅಂತಲ್ಲ. ನನ್ನ ಮುಂದೆ ಯಾರೂ ಮಲಗೋರಿಲ್ಲ ಅಂತ. ಇದನ್ನ ಯಾರಿಗೂ ಹೇಳಿರಲಿಲ್ಲ."

ಕುರ್ಚಿಯಿಂದ ಒಂದು ಸಣ್ಣ ಗೊರಕೆ ಬಂತು, ಕೊಳಲಿನಂತೆ. ಗಿರಿಜಾಂಬಾ ಅತ್ತ ತಿರುಗಿ ನೋಡಿ, ಬಹಳ ದಿನದ ಮೇಲೆ ಕಾಣಿಸಿದವರನ್ನು ಕಂಡ ಹಾಗೆ ನಕ್ಕರು.

ಚಂದ್ರಮೌಳಿ ಧ್ವನಿಮುದ್ರಕ ನಿಲ್ಲಿಸಿದ. ಸುಮ್ಮನಿದ್ದವರ ಒಳಗಿಂದ ಮಾತು ಹೊರಟಿತ್ತು. ತಾನು ಸಂಶೋಧಕ. ಇನ್ನು ಸಹಿಯೊಂದೇ.

ಎಲ್ಲರೂ ಎದ್ದು ಚಪ್ಪಲಿ ಹುಡುಕತೊಡಗಿದರು. ಬಾಗಿಲಲ್ಲಿ ಶಾಮಣ್ಣ, ಎಂದೂ ಇಲ್ಲದಷ್ಟು ಮೃದುವಾಗಿ, "ಸರೋಜಾ, ಬೀಗದ ಕೈ ಕೊಡು. ಇವತ್ತು ಪಾತ್ರೆ ನಾನು ತಿಕ್ತೀನಿ, ನೀನು ಒಂಚೂರು ಅಡ್ಡಾಗು," ಅಂದ.

ಚಂದ್ರಮೌಳಿ ನಿಂತಲ್ಲೇ ನಿಂತ. "ನಿಮಗೆ ಇವರು ಗೊತ್ತಾ?"

"ಈಗ ತಾನೇ ಪರಿಚಯ ಆಯ್ತಲ್ಲಪ್ಪ," ಅಂದ ಶಾಮಣ್ಣ.

"ಮನೆ ಬೀಗದ ಕೈಯೂ?"

ಶಾಮಣ್ಣ ಮಾದೇವಮ್ಮನ ಮುಖ ನೋಡಿದ. ಮಾದೇವಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಎಂಗೆ ಮಾಡಿದ್ರು ನೋಡ್ದಾ ಮೌಳಿ. ಗಂಡ ಹೆಂಡ್ತಿ. ಅಕ್ಕಪಕ್ಕದ ಮನೆಯೋರು. ಒಬ್ಬರಾದ್ರೂ ಗುರುತು ತೋರಿಸ್ಕೊಂಡ್ರಾ? ಈ ಭವ್ಯನೇ ಒಸಿ ಎಡವಿದ್ಲು."

ಚಂದ್ರಮೌಳಿ ಕಂಬಕ್ಕೆ ಒರಗಿದ. ಒಳಗೆ ಒಂದು ದನಿ ಹೇಳಿತು: ವೀಕ್ಷಕರು ಇದ್ಯಾವುದನ್ನೂ ಕೇಳಿಲ್ಲ, ಮಲಗಿದ್ದಾರೆ, ಹೋಗಿ ಸಹಿ ಹಾಕಿಸಿಕೊ. ಅವನು ಸಹಿಯ ಹಾಳೆ ಹಿಡಿದು ಕುರ್ಚಿಯ ತನಕ ಹೋದ. ಎದುರಿಗೆ ಮಾದೇಶ್ವರನ ಪಟ. ದೀಪ ಅಲುಗದೆ ನೋಡುತ್ತಿತ್ತು. ಅಂಥ ದೀಪದ ಮುಂದೆ ನಿಂತು ಅವನಿಗೆ ಸುಳ್ಳಿನ ಹಾಳೆ ಚಾಚಲು ಆಗಲಿಲ್ಲ. ಹಿರಿಯರ ಮೊಣಕಾಲು ಮುಟ್ಟಿದ.

"ಸಾರ್, ಒಂದು ತಪ್ಪಾಗಿದೆ. ಇವರೆಲ್ಲ ಒಬ್ಬರನ್ನೊಬ್ಬರು ಬಲ್ಲವರಂತೆ."

ಹಿರಿಯರು ಕಣ್ಣು ಬಿಟ್ಟರು. "ಅದನ್ನ ನಂಗ್ಯಾಕಪ್ಪ ಹೇಳ್ತೀಯ? ನಾನೂ ಈ ಬೀದಿಯೋನೇ. ರುದ್ರಸ್ವಾಮಿ. ಮೂಲೆಮನೆ. ಬಾಯಿ ಬುಡಬೇಡಿ, ಏನ್ ಕೇಳಿದ್ರೂ ತಲೆ ಆಡಿಸಿ ಅಂದ್ಲು ಮಾದೇವಮ್ಮ. ಆಡಿಸಿದೆ. ಮಂಡಿ ನೋವು ಅಂತ ಕುರ್ಚಿ ಕೊಟ್ಲು. ಪಾಯಸ ಇನ್ನೊಂಚೂರು ಐತಾ?"

"ಹಾಗಾದರೆ ವೀಕ್ಷಕರು?" ಅಂದ ಚಂದ್ರಮೌಳಿ, ಯಾರಿಗೂ ಅಲ್ಲ, ಗೋಡೆಗೆ.

ಮಾದೇವಮ್ಮ ಮರಿ­ಸ್ವಾಮಿಯ ಕಡೆ ತಿರುಗಿದಳು. "ಲೋ, ಈ ಯಮ್ಮ ನಿಮ್ಮತ್ತಿಗೆ ತಾನೆ?"

"ನಮ್ಮತ್ತಿಗೆ ಬರ್ಲೇ ಇಲ್ವಲ್ಲಕ್ಕ. ಇವರು ನಿಮ್ಮ ಕಡೆಯೋರು ಅಂದ್ಕಂಡೆ."

ಎಲ್ಲರೂ ಬಟ್ಟೆಯ ಚೀಲದ ಕಡೆ ನೋಡಿದರು. ಯಾರಿಗೂ ಯಾರೂ ಗೊತ್ತಿಲ್ಲದ ಆ ಮಧ್ಯಾಹ್ನದಲ್ಲಿ, ನಿಜವಾಗಿ ಗೊತ್ತಿಲ್ಲದ ಒಬ್ಬರನ್ನು ಗುರುತಿಸಿದ್ದು ನಾಯಿ ಮಾತ್ರ.

ಗಿರಿಜಾಂಬಾ ಚೀಲದಿಂದ ಪೆನ್ನು ತೆಗೆದರು. "ನಾನೇ ಕಣಪ್ಪ. ನಿನಗೆ ಗೊತ್ತಿದ್ದೂ ನನ್ನನ್ನ ಗುಂಪಿನೊಳಗೇ ಅಡಗಿಸಿ ಕೂರಿಸಿದೀಯ, ಜಾಣ ಅಂದ್ಕೊಂಡಿದ್ದೆ."

ಚಂದ್ರಮೌಳಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅವರು ಕೇಳಿದರು.

"ಇವರು ಗುರುತಿರೋರು ಅನ್ನೋದು ದೊಡ್ಡ ದೋಷವಲ್ಲ," ಅಂದರು. "ಇದ್ದದ್ದನ್ನ ಇದ್ದ ಹಾಗೆ ಬರೆದರೆ ಸಾಕು. ಸಂಶೋಧನೆ ಒಪ್ಪುತ್ತೆ. ಗುರುತಿಲ್ಲ ಅಂತ ಆಡಿದ್ದಕ್ಕೇ ಗಂಡ ಹೆಂಡತಿ ಮನಸ್ಸು ಬಿಚ್ಚಿದ್ದು, ಅದೇ ಒಂದು ವಿಶೇಷ. ಸುಮ್ಮನಿರೋರನ್ನ ಮಾತಾಡಿಸಲು ಬರಲ್ಲ ಅಂತ ನಿನ್ನ ಮೇಲೆ ದೂರಿತ್ತು. ಎಷ್ಟೋ ಕಡೆ ವೀಕ್ಷಕಳಾಗಿ ಕೂತಿದೀನಿ, ಇವತ್ತು ಕಂಡಂಥ ಕಾಯುವಿಕೆ ಎಲ್ಲೂ ಕಂಡಿಲ್ಲ."

ಚಂದ್ರಮೌಳಿಯ ಕಣ್ಣಲ್ಲಿ ನೀರು ಬಂತು. ಹಾಳೆ ಚಾಚಿದ.

"ಆದರೆ ಸಹಿ ಮಾಡೋಕಾಗಲ್ಲ," ಅಂದು ಅವರು ಪೆನ್ನಿನ ಮುಚ್ಚಳ ಹಾಕಿದರು.

"ಯಾಕೆ ಮೇಡಮ್?"

"ವೀಕ್ಷಕರು ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದರೆ ವೀಕ್ಷಕರಲ್ಲ, ಗುಂಪಿನವರು. ಇಷ್ಟು ಜನರಲ್ಲಿ ಸುಮ್ಮನಿರಲೇಬೇಕಾದೋಳು ನಾನೊಬ್ಬಳು. ನನ್ನನ್ನೇ ಮಾತಾಡಿಸಿಬಿಟ್ಟೆಯಲ್ಲಪ್ಪ." ದನಿಯಲ್ಲಿ ಸಿಟ್ಟಿರಲಿಲ್ಲ. ಮಧ್ಯಾಹ್ನದ ತರಗತಿಯ ದನಿ ಅದು. "ಒಂದು ವಾರ ಕೊಡಿ ಅಂತ ಸಮಿತಿಗೆ ಹೇಳ್ತೀನಿ. ಹೊಸ ಗುಂಪು, ಹೊಸ ವೀಕ್ಷಕರು. ನಾನಂತೂ ಇನ್ನು ಬರೋ ಹಾಗಿಲ್ಲ. ಬಂದರೂ ಮಾತಾಡೋಕೇ ಬರಬೇಕು."

ಮಧ್ಯಾಹ್ನ ಇಲವಾಲದಿಂದ ಹೊರಟಾಗ ಎಲ್ಲಿದ್ದನೋ ಚಂದ್ರಮೌಳಿ ಸಂಜೆಗೆ ಅಲ್ಲೇ ಬಂದು ನಿಂತಿದ್ದ. ಮೆಲ್ಲಗೆ ಚಾಪೆಯ ಮೇಲೆ ಕುಸಿದ. ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ಮಾದೇವಮ್ಮ ಉಳಿದ ಪಾಯಸ ತಂದು ಕುಡಿಸಿದಳು. ಪಾಯಸ ತಣ್ಣಗಿತ್ತು. ತಲೆ ಗೋಡೆಗೆ ತಾಗಿತು. ಎಷ್ಟೋ ದಿನದಿಂದ ಬಾರದ ನಿದ್ದೆ, ಇನ್ನು ಇವನಿಗೆ ಕಳೆದುಕೊಳ್ಳುವುದು ಏನೂ ಉಳಿದಿಲ್ಲ ಅಂತ ತಿಳಿದ ಮೇಲೆ, ಕರೆಯದೆ ಬಂದು ಪಕ್ಕದಲ್ಲಿ ಕೂತಿತು. ಗಿರಿಜಾಂಬಾ ಹೊರಡಲು ಎದ್ದವರು ಮತ್ತೆ ಕೂತರು. ಇನ್ನೊಂದಿಷ್ಟು ಹೊತ್ತು ಇದ್ದು ಹೋಗುತ್ತೇನೆ ಅಂತ ಕಣ್ಣಲ್ಲೇ ಹೇಳಿದರು.

ರೆಪ್ಪೆ ಮುಚ್ಚುತ್ತಿರುವಾಗ ದೊಡ್ಡಮ್ಮನ ದನಿ, ಕೆರೆಯ ಆಚೆ ದಡದಿಂದ ಬಂದ ಹಾಗೆ, ಅವನ ಕಿವಿಗೆ ಬಿತ್ತು.

"ನೀನು ಚಿಂತೆ ಮಾಡಬೇಡ ಕಣ್ಲಾ. ಮುಂದಿನ ವಾರಕ್ಕೆ ಹೂಟಗಳ್ಳಿಯಿಂದ ಕರೆಸ್ತೀನಿ. ಅಲ್ಲಿ ನಮ್ಮ ನಾದಿನಿ ಅವ್ಳೆ, ಬೀದಿ ಪೂರ್ತಿ ಅವಳ ಮಾತು ಕೇಳ್ತದೆ. ಯಾರಿಗೂ ಯಾರೂ ಗೊತ್ತಿಲ್ಲದಂಗೆ ಅವಳೇ ಹೇಳ್ಕೊಟ್ಟಿರ್ತಾಳೆ."